ಎಂಟನೇ ಕ್ಲಾಸಿನ ಇಂಗ್ಲಿಷ್‌ಗೆ ಕಾರ್ಖಾನೆ ತಪಾಸಣೆ

ಉತ್ತರದ ಹಿಂದಿ ಸೀಮೆಯ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ನಾನು ಗುಣಮಟ್ಟ ತಪಾಸಣೆಯ ಅಧಿಕಾರಿ. ಹತ್ತೊಂಬತ್ತು ವರ್ಷಗಳಿಂದ ಬ್ರೇಕಿನ ತಟ್ಟೆಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸರಿ, ಇದು ತಪ್ಪು ಎಂದು ಹೇಳಿಯೇ ನನ್ನ ಹೊಟ್ಟೆ ತುಂಬುತ್ತಿದೆ. ನನ್ನ ಸಹಿ ಬೀಳದೆ ಒಂದು ಸ್ಕ್ರೂ ಕೂಡ ಗೇಟು ದಾಟುವುದಿಲ್ಲ. ಇಂಥ ನನಗೆ ಎಂಟನೇ ತರಗತಿಯ ಇಪ್ಪತ್ತನಾಲ್ಕು ಮಕ್ಕಳ ಇಂಗ್ಲಿಷ್ ಮಾತನ್ನು ಅಳೆಯುವುದು ಯಾವ ಮಹಾ ಕೆಲಸ?

ಹಾಗಂದುಕೊಂಡೆ. ಅಲ್ಲೇ ಕೆಟ್ಟೆ!

ನನ್ನ ಹೆಂಡತಿ ಶೈಲಾ ನಮ್ಮ ಸೊಸೈಟಿಯ ಹತ್ತಿರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಪ್ರತಿವರ್ಷ ಆ ಶಾಲೆಯಿಂದ ಒಂದು ಮಗು ಅಂತರಶಾಲಾ ಭಾಷಣ ಸ್ಪರ್ಧೆಗೆ ಹೋಗುತ್ತದೆ. ಯಾವ ಮಗು? ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಯಾರ ಅಪ್ಪ ಹೆಚ್ಚು ಗಲಾಟೆ ಮಾಡುತ್ತಾನೋ ಅವನ ಮಗು. ಇದನ್ನು ಸಹಿಸಲು ಶೈಲಾಗೆ ಆಗಲಿಲ್ಲ. ಎಲ್ಲ ಮಕ್ಕಳೂ ಮಾತಾಡಲಿ, ಹೊರಗಿನವರೊಬ್ಬರು ಅಂಕ ಕೊಡಲಿ, ಅಂಕದ ಹಾಳೆ ನೇರ ಪ್ರಿನ್ಸಿಪಾಲರ ಕೈಗೇ ಹೋಗಲಿ, ಕ್ಲಾಸ್ ಟೀಚರ್ ಕೂಡ ಅದನ್ನು ಮುಟ್ಟಬಾರದು ಎಂದು ಎರಡು ವರ್ಷ ಹಟ ಹಿಡಿದಳು. ಪ್ರಿನ್ಸಿಪಾಲ್ ಖನ್ನಾ ಮೇಡಂ ಕೊನೆಗೂ ಒಪ್ಪಿದರು. ಆದರೆ ಒಂದು ಷರತ್ತು. ಈ ಸಲ ಏನಾದರೂ ಎಡವಟ್ಟಾದರೆ ಮುಂದಿನ ವರ್ಷದಿಂದ ಹಳೆಯ ಪದ್ಧತಿಯೇ.

ಹೊರಗಿನವರೆಂದು ಗೊತ್ತುಮಾಡಿದ್ದ ನಿವೃತ್ತ ಪ್ರೊಫೆಸರರಿಗೆ ಪರೀಕ್ಷೆಯ ಹಿಂದಿನ ದಿನ ಗಂಟಲು ಕಟ್ಟಿತು. ಮಾತಿನ ಪರೀಕ್ಷಕರಿಗೆ ಮಾತೇ ಹೊರಡಲಿಲ್ಲ! ಶೈಲಾ ಏಳೆಂಟು ಕಡೆ ಫೋನ್ ಮಾಡಿದಳು. ಯಾರೂ ಸಿಗಲಿಲ್ಲ. ಸೋಫಾದ ಮೇಲೆ ಕೂತಿದ್ದ ನಾನು ಚಹಾದ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದೆ.

"ನಾನಿದ್ದೀನಲ್ಲ."

"ನೀವಾ? ಗಂಡ ಹೊರಗಿನವನು ಹೇಗಾಗ್ತಾನೆ?"

"ಈ ಮನೇಲಿ ನನ್ನನ್ನ ಯಾವತ್ತು ಒಳಗಿನವನು ಅಂತ ಲೆಕ್ಕಕ್ಕಿಟ್ಟಿದ್ದೀಯ ಹೇಳು?"

ಪಕ್ಕದ ಕೋಣೆಯಿಂದ ಮಗಳು ಅನ್ವಿ ತಲೆ ಹೊರಹಾಕಿದಳು. ಅವಳು ಓದುವುದು ಬೇರೆ ಶಾಲೆಯಲ್ಲಿ, ಹತ್ತನೇ ತರಗತಿ. ಹುಟ್ಟಿ ಬೆಳೆದದ್ದು ಇಲ್ಲೇ. ಹಾಗಾಗಿ ಅವಳ ಒಂದು ವಾಕ್ಯಕ್ಕೆ ಮೂರು ಭಾಷೆ ಬೇಕು.

"ಪಪ್ಪಾ, ಆಪ್? ಸೀರಿಯಸ್ಲಿ? ಕಸ್ಟಮರ್ ಕೇರ್‌ನವರು ಇಂಗ್ಲಿಷ್‌ನಲ್ಲಿ ಮಾತಾಡಿದ್ರೆ ನೀವು ಫೋನ್ ನನ್ನ ಕೈಗೆ ಕೊಟ್ಟು ಓಡ್ತೀರಲ್ಲ!"

"ಬ್ರೇಕ್ ಮಾಡೋದು ಬೇರೆ, ಬ್ರೇಕ್ ಚೆಕ್ ಮಾಡೋದು ಬೇರೆ ಮಗಳೇ. ನಾನೇನು ಅಲ್ಲಿ ಭಾಷಣ ಮಾಡ್ಬೇಕಾ? ಸುಮ್ನೆ ಕೂತು ಚೆಕ್ ಮಾಡೋದು."

ಶೈಲಾಗೆ ಬೇರೆ ದಾರಿಯಿರಲಿಲ್ಲ. ಖನ್ನಾ ಮೇಡಂ ಕೂಡ ಫೋನಿನಲ್ಲೇ "ಅಚ್ಛಾ, ಇಂಡಸ್ಟ್ರಿಯವರು! ಬಹುತ್ ಅಚ್ಛಾ" ಎಂದುಬಿಟ್ಟರು. ನನ್ನ ಎದೆ ಎರಡು ಅಂಗುಲ ಅಗಲವಾಯಿತು.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರ್ಖಾನೆಯ ಕ್ಲಿಪ್‌ಬೋರ್ಡು, ಸ್ಟಾಪ್‌ವಾಚು, ಕೆಂಪು ಪೆನ್ನು ಹಿಡಿದು ಹೊರಟೆ. ಆಟೋದಲ್ಲಿ ಶೈಲಾ ಅಂಕದ ಹಾಳೆ ತೋರಿಸಿದಳು. ಐದು ಕಾಲಮ್ಮುಗಳಿದ್ದವು: ಉಚ್ಚಾರದ ಸ್ಪಷ್ಟತೆ, ತಡವರಿಸದೆ ಮಾತಾಡುವುದು, ಕೇಳುವವರ ಕಣ್ಣು ನೋಡುವುದು, ದನಿಯ ಏರಿಳಿತ, ನಿಲ್ಲುವ ಭಂಗಿ. ಒಂದೊಂದಕ್ಕೂ ಹತ್ತು. ಕೊನೆಯಲ್ಲಿ ಷರಾ ಬರೆಯಲು ಒಂದಿಷ್ಟು ಜಾಗ.

"ರೀ, ಒಂದ್ನಿಮಿಷ ಕೇಳಿ. ಈ ಹತ್ತು ಅಂದ್ರೆ..."

"ಶೈಲಾ, ಹತ್ತೊಂಬತ್ತು ವರ್ಷದಿಂದ ಫಾರಂ ತುಂಬ್ತಾ ಇದೀನಿ. ನನಗೇ ಫಾರಂ ಹೇಳ್ಕೊಡ್ತೀಯಾ?"

ಅವಳು ಬಾಯಿ ಮುಚ್ಚಿಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಬಾಯಿ ಮುಚ್ಚಿಸಲು ನನಗೆ ಸಾಧ್ಯವಾದದ್ದು ಅದೊಂದೇ ಸಲ. ಅದೇ ಸಲ ಮುಚ್ಚಿಸಬಾರದಿತ್ತು.

ಏಕೆಂದರೆ ನಮ್ಮ ಕಾರ್ಖಾನೆಯ ತಪಾಸಣಾ ಹಾಳೆಯ ಪದ್ಧತಿ ಬಹಳ ಸರಳ. ಎಷ್ಟು ದೋಷ ಕಂಡವೋ ಅಷ್ಟು ಬರೆಯುವುದು. ದೋಷವೇ ಇಲ್ಲದಿದ್ದರೆ ಸೊನ್ನೆ. ಸೊನ್ನೆ ಕಂಡರೆ ನಮ್ಮ ಮ್ಯಾನೇಜರು ಲಡ್ಡು ಹಂಚುತ್ತಾರೆ. ಕಾಲಮ್ಮು ಕಂಡ ಕೂಡಲೇ ನನ್ನ ಕೈ ತನಗೆ ಗೊತ್ತಿದ್ದ ಕೆಲಸವನ್ನು ತಾನೇ ಶುರುಮಾಡಿತು. ಶಾಲೆಯಲ್ಲಿ ಸೊನ್ನೆಗೆ ಬೇರೆ ಅರ್ಥವಿದೆ, ಆ ಅರ್ಥವನ್ನು ನಾನು ಚಿಕ್ಕಂದಿನಲ್ಲಿ ಚೆನ್ನಾಗಿಯೇ ಅನುಭವಿಸಿದ್ದೆ ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ಮೊದಲು ಬಂದವಳು ತನಿಷ್ಕಾ. ಎರಡು ಜಡೆಯ ಹುಡುಗಿ. ಪ್ಲಾಸ್ಟಿಕ್ ಚೀಲದ ಬಗ್ಗೆ ಮೂರು ನಿಮಿಷ ಮಾತಾಡಿದಳು. ನೀರು ಹರಿದ ಹಾಗೆ ಮಾತು. ಕೇಳುತ್ತ ಕೇಳುತ್ತ ನಾನು ಜೇಬಿನಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಇನ್ನೂ ಒಳಕ್ಕೆ ತಳ್ಳಿಕೊಂಡೆ. ದೋಷ ಹುಡುಕಿ ಹುಡುಕಿ ಸಾಕಾಯಿತು. ಒಂದೇ ಒಂದು ಸಲ ಜಡೆ ಎಳೆದುಕೊಂಡಳು. ಭಂಗಿಯ ಕಾಲಮ್ಮಿಗೆ ಒಂದು, ಉಳಿದ ನಾಲ್ಕಕ್ಕೂ ಸೊನ್ನೆ. ಅದ್ಭುತ ಮಾಲು!

ಎರಡನೆಯ ಹುಡುಗ ಮಾತು ಮುಗಿಸಿದಾಗ ನಾನು ಅಭ್ಯಾಸಬಲದಿಂದ, "ಬೇಟಾ, ಹಿಂದೆ ತಿರುಗು" ಎಂದೆ. ನಮ್ಮಲ್ಲಿ ಯಾವ ವಸ್ತುವನ್ನಾದರೂ ನಾಲ್ಕೂ ಬದಿ ನೋಡದೆ ಬಿಡುವುದಿಲ್ಲ. ಪಾಪ, ಅವನು ತಿರುಗಿದ. ಅಂಗಿಯ ಹಿಂಬದಿಯಲ್ಲಿ ಇಂಕಿನ ಕಲೆ. ಭಂಗಿಯ ಕಾಲಮ್ಮಿನಲ್ಲಿ ಮೂರು ಬರೆದೆ.

ಹದಿನೈದು ಮಕ್ಕಳು ಮುಗಿಯುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಕಾರ್ಖಾನೆಯಲ್ಲಿ ಇಂಥ ಹೊತ್ತಿಗೆ ಐದರಲ್ಲಿ ಒಂದನ್ನು ತೆಗೆದು ನೋಡಿ, ಅದು ಸರಿಯಿದ್ದರೆ ಉಳಿದ ನಾಲ್ಕನ್ನೂ ಪಾಸು ಮಾಡುತ್ತೇವೆ. ಹದಿನಾರನೆಯವನು ಚೆನ್ನಾಗಿ ಮಾತಾಡಿದ. ಅವನ ಹಿಂದೆ ಸಾಲಾಗಿ ನಿಂತಿದ್ದ ನಾಲ್ವರಿಗೆ, "ನೀವೂ ಪಾಸ್, ಹೋಗಿ" ಎಂದು ಕೈಬೀಸಿದೆ. ನಾಲ್ವರೂ ಕುಣಿಯುತ್ತ ಹೊರಗೋಡಿದರು. ಅರ್ಧ ನಿಮಿಷದಲ್ಲಿ ಅದೇ ನಾಲ್ವರನ್ನು ಶೈಲಾ ವಾಪಸು ಕರೆತಂದು ಬಾಗಿಲಲ್ಲಿ ನಿಲ್ಲಿಸಿದಳು.

"ರೀ, ಇವರು ಮಕ್ಕಳು. ಒಬ್ಬೊಬ್ಬರನ್ನೂ ಕೇಳಿ!" ಎಂದು ಹಲ್ಲು ಕಚ್ಚಿಕೊಂಡು ಹೇಳಿ ಹೋದಳು. ಹಾಳೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಮುಟ್ಟಬಾರದೆಂಬ ನಿಯಮ ಅವಳದೇ ತಾನೆ!

ಕೊನೆಗೆ ಬಂದವನು ಕುಶ್. ಈ ವರ್ಷವಷ್ಟೇ ಹಿಂದಿ ಮಾಧ್ಯಮದಿಂದ ಬಂದ ಹುಡುಗ. ಬಂದ, ನಿಂತ, ಫ್ಯಾನು ನೋಡಿದ. ಸ್ಟಾಪ್‌ವಾಚು ಓಡುತ್ತಲೇ ಇತ್ತು. ಎರಡು ನಿಮಿಷದ ಮೇಲೆ ಫ್ಯಾನಿಗೆ "ಗುಡ್ ಮಾರ್ನಿಂಗ್" ಎಂದ. ಅಷ್ಟೇ. ಅವನ ಕಾಲು ನಡುಗುತ್ತಿತ್ತು. ನನ್ನ ಮೊದಲ ಇಂಟರ್‌ವ್ಯೂನಲ್ಲಿ ನಾನೂ ಹೀಗೇ ಒಂದು ಫ್ಯಾನಿನ ಜೊತೆ ಮಾತಾಡಿದ್ದೆ. ಆದರೂ ಕರ್ತವ್ಯ ಕರ್ತವ್ಯವೇ. ಐದೂ ಕಾಲಮ್ಮಿನಲ್ಲಿ ಹತ್ತು ಹತ್ತು ಬರೆದೆ. ಷರಾದ ಜಾಗದಲ್ಲಿ, ತಿದ್ದಿ ಮತ್ತೆ ತಯಾರಿಸಬೇಕಾದ ಮಾಲಿಗೆ ನಾವು ಬರೆಯುವ ಮಾತನ್ನೇ ಬರೆದೆ: ರೀವರ್ಕ್.

"ಪಾನಿ ಪೀ ಲೋ ಬೇಟಾ. ನೀರು ಕುಡಿ, ಎಲ್ಲ ಸರಿಹೋಗುತ್ತೆ" ಎಂದು ನನ್ನ ಬಾಟಲಿಯನ್ನೇ ಅವನ ಕೈಗೆ ಕೊಟ್ಟೆ.

ಹಾಳೆಗಳು ಖನ್ನಾ ಮೇಡಂ ಕೈ ಸೇರಿದವು. ಗುಮಾಸ್ತರು ಅಂಕಗಳನ್ನು ಕೂಡಿದರು. ಸಭಾಂಗಣದಲ್ಲಿ ಮೂರು ತರಗತಿಯ ಮಕ್ಕಳು ಕಾಯುತ್ತಿದ್ದರು. ಮೇಡಂಗೆ ಬೇರೆ ಮೀಟಿಂಗಿತ್ತು. ಮೈಕು ಹಿಡಿದು ನೇರವಾಗಿ ಫಲಿತಾಂಶ ಓದಿದರು.

"ಮೊದಲನೆಯ ಸ್ಥಾನ, ಐವತ್ತಕ್ಕೆ ಐವತ್ತು, ಕುಶ್! ಷರಾ... ರೀವರ್ಕ್?"

ಕುಶ್ ಹಿಂದೆ ತಿರುಗಿ ಇನ್ನೊಬ್ಬ ಕುಶ್ ಇದ್ದಾನೆಯೇ ಎಂದು ನೋಡಿದ. ಮೇಡಂ ಹುಬ್ಬು ಗಂಟಿಕ್ಕಿಕೊಂಡು ಕೊನೆಯ ಸಾಲನ್ನೂ ಓದಿದರು. "ತನಿಷ್ಕಾ... ಐವತ್ತಕ್ಕೆ ಒಂದು?"

ತನಿಷ್ಕಾಳ ಕಣ್ಣಲ್ಲಿ ನೀರು ತುಂಬಿತು. ಅಯ್ಯೋ ಶಿವನೇ! ಇದು ಕಾರ್ಖಾನೆಯಲ್ಲ, ಶಾಲೆ! ಎರಡನೇ ಸಾಲಿನಿಂದ ಶೈಲಾ ನನ್ನನ್ನು ನೋಡಿದಳು. ಆ ನೋಟ ಎಣಿಸಿದ ನನ್ನ ದೋಷಗಳನ್ನು ಬರೆಯಲು ನನ್ನ ಯಾವ ಹಾಳೆಯಲ್ಲೂ ಜಾಗ ಸಾಲದು. ಅವಳ ಎರಡು ವರ್ಷದ ಜಗಳವನ್ನು ನಾನು ಒಂದು ಬೆಳಿಗ್ಗೆಯಲ್ಲಿ ಮಣ್ಣುಪಾಲು ಮಾಡಿದ್ದೆ. ಏಳಬೇಕು, ಹೇಳಬೇಕು ಎಂದುಕೊಂಡೆ.

ಅಷ್ಟರಲ್ಲಿ ಕುಶ್ ವೇದಿಕೆ ಹತ್ತಿದ್ದ. ಮೇಡಂ ಅವನಿಗೆ ಮೈಕು ಕೊಟ್ಟರು. ಅವನು ಒಮ್ಮೆ ಫ್ಯಾನು ನೋಡಿದ. ಆಮೇಲೆ ನೇರವಾಗಿ ನನ್ನನ್ನು ನೋಡಿದ.

"ಮ್ಯಾಮ್, ಐ ನಾಟ್ ಸ್ಪೀಕ್. ಐ ಓನ್ಲಿ ಸ್ಟ್ಯಾಂಡ್. ತನಿಷ್ಕಾ ಇಸ್ ಬೆಸ್ಟ್. ಸರ್ ಮಿಸ್ಟೇಕ್ ಡನ್. ಬಟ್ ಸರ್ ಗುಡ್ ಮ್ಯಾನ್. ವಾಟರ್ ಗಿವನ್."

ದನಿ ಕೊನೆಯ ಸಾಲಿನವರೆಗೂ ಮುಟ್ಟಿತು. ಎಲ್ಲೂ ತಡವರಿಸಲಿಲ್ಲ. ಕಾಲು ನಡುಗಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಕಣ್ಣೊರೆಸಿಕೊಳ್ಳುತ್ತಿದ್ದ ತನಿಷ್ಕಾ. ಆಮೇಲೆ ಸಭೆಯೇ ತಟ್ಟಿತು. ಬೆಳಿಗ್ಗೆ ಎರಡು ನಿಮಿಷ ಬಾಯಿ ಬಿಡದ ಹುಡುಗ, ನನ್ನ ತಪ್ಪು ಹೇಳಲಿಕ್ಕೆ ಬಾಯಿ ಬಿಟ್ಟಿದ್ದ! ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಸರ್, ಪ್ಲೀಸ್ ಎಕ್ಸ್‌ಪ್ಲೇನ್" ಎಂದು ಖನ್ನಾ ಮೇಡಂ ಮೈಕನ್ನು ನನ್ನತ್ತ ಚಾಚಿದರು. ಇಂಗ್ಲಿಷ್‌ನಲ್ಲಿ! ಮೂರು ತರಗತಿಯ ಮಕ್ಕಳ ಮುಂದೆ! ಇಲ್ಲಿ ಫೋನು ಕೊಟ್ಟು ಓಡಿಹೋಗಲು ಅನ್ವಿಯೂ ಇಲ್ಲ.

"ಡಿಯರ್ ಚಿಲ್ಡ್ರನ್... ಇನ್ ಅವರ್ ಫ್ಯಾಕ್ಟರಿ... ಜೀರೋ ಈಸ್... ವೆರಿ ಹ್ಯಾಪಿ..." ಎಂದು ಶುರುಮಾಡಿದೆ. ಮುಂದಿನ ಪದ ಹುಡುಕುತ್ತ ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಉಳಿದದ್ದನ್ನೆಲ್ಲ ಅದಕ್ಕೇ ಹೇಳಿ ಮುಗಿಸಿದೆ.

ಖನ್ನಾ ಮೇಡಂ ಜಾಣೆ. ಎಲ್ಲರ ಅಂಕವನ್ನೂ ಐವತ್ತರಿಂದ ಕಳೆದರು. ತನಿಷ್ಕಾಗೆ ನಲವತ್ತೊಂಬತ್ತು, ಸ್ಪರ್ಧೆಗೆ ಅವಳೇ. ವಾಟ್ಸಾಪ್ ಗುಂಪಿನ ಯಾವ ಅಪ್ಪನೂ ತುಟಿ ಬಿಚ್ಚುವ ಹಾಗಿರಲಿಲ್ಲ. ಮೇಡಂ ಶೈಲಾಳ ಹತ್ತಿರ ಬಂದು, "ಪದ್ಧತಿ ಮುಂದಿನ ವರ್ಷವೂ ಇರಲಿ. ಪರೀಕ್ಷಕರು ಮಾತ್ರ ಬೇರೆ ಇರಲಿ" ಎಂದರು. ಇಂಗ್ಲಿಷ್‌ನಲ್ಲಿ ಹೇಳಿದರೂ ನನಗೆ ಸ್ಪಷ್ಟವಾಗಿ ಅರ್ಥವಾಯಿತು.

ಸಂಜೆ ಶೈಲಾ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಅದೇ ಐದು ಕಾಲಮ್ಮಿನ ಹಾಳೆ. ಮೇಲೆ ನನ್ನ ಹೆಸರು.

"ನೀವು ಹೊರಟ ಮೇಲೆ ಮಕ್ಕಳು ಕೇಳಿದ್ರು, ಸರ್‌ಗೂ ಮಾರ್ಕ್ಸ್ ಕೊಡೋಣ್ವಾ ಅಂತ. ನ್ಯಾಯವಾಗಿ ಕೇಳಿದ್ರು, ಕೊಡಿ ಅಂದೆ."

ಒಟ್ಟು ಐವತ್ತಕ್ಕೆ ಮೂರು. ಕಣ್ಣು ನೋಡುವುದಕ್ಕೆ ಸೊನ್ನೆ. ಅನ್ವಿ ಭುಜದ ಮೇಲಿಂದ ಬಗ್ಗಿ ನೋಡಿ ಕಿಸಕ್ಕೆಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

"ನೋಡಮ್ಮ, ನಮ್ಮ ಫ್ಯಾಕ್ಟರಿ ಲೆಕ್ಕದಲ್ಲಿ ಮೂರು ಅಂದ್ರೆ ಮೊದಲನೇ ದರ್ಜೆ ಮಾಲು."

"ಪಪ್ಪಾ, ಫ್ಯಾಕ್ಟರಿ ಬಂದ್ ಕರೋ. ಕೆಳಗೆ ರಿಮಾರ್ಕ್ಸ್ ಪಢೋ."

ಷರಾದ ಜಾಗದಲ್ಲಿ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲಿತ್ತು. ಕೆಳಗೆ ಕುಶ್‌ನ ಸಹಿ.

"ರೀವರ್ಕ್. ಸರ್, ಪ್ಲೀಸ್ ಡ್ರಿಂಕ್ ವಾಟರ್."

ಶೈಲಾ ಎದ್ದುಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ಫಾರಂ ತುಂಬುವುದನ್ನು ಮೊದಲಿನಿಂದ ಹೇಳಿಕೊಡು ಎಂದೆ. ನೀರು ಕುಡಿದೆ.