ಅಯಸ್ಕಾಂತಕ್ಕೆ ಅಂಟಿದ ರಾಟೆ

ಹೊಳೆನರಸೀಪುರದ ಪಾತ್ರೆ ಅಂಗಡಿಯವರಿಗೆ ತೆರಿಗೆಯವರ ಭಯವಿಲ್ಲ. ಇರುವ ಭಯವೆಲ್ಲ ನಮ್ಮ ಚಿಕ್ಕಪ್ಪನದು! ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಜೇಬಿನಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ಸದಾ ಇರುತ್ತದೆ. ಸ್ಟೀಲ್ ಎಂದು ಕಂಡದ್ದಕ್ಕೆಲ್ಲ ಅದನ್ನು ತಾಗಿಸುತ್ತಾರೆ. ಟಕ್ ಎಂದು ಅಂಟಿತೋ, "ಇದು ತುಕ್ಕಿಡೀತದೆ" ಎಂದು ಗಿರಾಕಿಗಳ ಎದುರಿಗೇ ತೀರ್ಪು ಕೊಡುತ್ತಾರೆ.

ಇಷ್ಟೆಲ್ಲ ಯಾಕೆ ಅಂತೀರಾ? ಹಿತ್ತಲಲ್ಲಿ ತಾವೇ ಕಟ್ಟುತ್ತಿದ್ದ ಹಾಯಿದೋಣಿಗೆ! ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಚಿಕ್ಕವ್ವನ ತವರೂರು ಹಿನ್ನೀರಿನಲ್ಲಿ ಮುಳುಗಿತು. ಆಗ ಆಕೆ ಲಂಗ ತೊಟ್ಟ ಹುಡುಗಿ. ಆ ಮನೆ ಇದ್ದ ಜಾಗಕ್ಕೆ ಒಂದು ಸಲವಾದರೂ ಆಕೆಯನ್ನು ಕರೆದೊಯ್ಯಬೇಕು ಎಂಬುದು ಚಿಕ್ಕಪ್ಪನ ಹಟ. ಮೋಟಾರು ದೋಣಿ ಸಾಕಲ್ಲ ಎಂದರೆ, "ಅತ್ತೆ ಮನೆಗೆ ಡರ್ ಅನ್ನಿಸ್ಕೊಂಡು ಓಗಕ್ಕಾಯ್ತದೇನ್ಲಾ?" ಅಂದರು.

ಹಾಯಿದೋಣಿಯೆಂದರೆ ಮರ, ಬಟ್ಟೆ, ಹಗ್ಗ ಎಂದು ತಿಳಿದಿದ್ದೆ. ಅಲ್ಲವಂತೆ. ಗಾಳಿ ಎಳೆಯುವಾಗ ಕಂಬವನ್ನು ಹಿಡಿದು ನಿಲ್ಲಿಸುವುದು ಹಗ್ಗದ ತುದಿಯ ಲೋಹದ ಕೊಂಡಿಗಳು. ಹೆಬ್ಬೆರಳಿನಷ್ಟು ಕೊಂಡಿಯೊಂದು ಕೈಕೊಟ್ಟರೆ ಕಂಬ ತಲೆಯ ಮೇಲೆ, ದೋಣಿ ನೀರೊಳಗೆ. "ನಿಮ್ಮ ಚಿಕ್ಕವ್ವಂಗೆ ಈಜು ಬರಕಿಲ್ಲ ಕಣ್ಲಾ" ಎಂದರು. ಅವರ ಲೋಹಶಾಸ್ತ್ರವೆಲ್ಲ ಹುಟ್ಟಿದ್ದು ಈ ಒಂದು ಮಾತಿನಿಂದ.

ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಸಾಂಬಾರಿನ ಬಕೆಟ್ಟಿಗೆ ಅಯಸ್ಕಾಂತ ತಾಗಿಸಿದರು. ಅಂಟಲಿಲ್ಲ! ಬಡಿಸುವವನ ಕೈಯಿಂದ ಅದನ್ನು ಇಸಿದುಕೊಂಡು ಹಿಡಿಯ ಪರೀಕ್ಷೆಗೆ ಕೂತೇಬಿಟ್ಟರು. ಮುದ್ದೆ ಮುರಿದಿಟ್ಟುಕೊಂಡ ಪಂಕ್ತಿಯೆಲ್ಲ ಬಾಯಿ ಒಣಗಿಸಿಕೊಂಡು ಕಾಯಿತು.

"ಸಾಂಬಾರ್ ಬುಡಿ ಸಾ," ಎಂದ ಬಡಿಸುವವ.

"ಸಾಂಬಾರ್ ನೀನೇ ಮಡಿಕ್ಕೊ. ಬಕೆಟ್ ಎಲ್ ತಂದೆ, ಅದ್ ಯೋಳು."

ಅಯಸ್ಕಾಂತ ಪಾಸಾದವಕ್ಕೆ ಮುಂದಿನ ಪರೀಕ್ಷೆ ಚಿಕ್ಕವ್ವನ ನಿಂಬೆ ಉಪ್ಪಿನಕಾಯಿ ಭರಣಿ! ಹಿತ್ತಾಳೆಯ ಕೊಂಡಿ ಹಸಿರಾಯಿತು. ಅಲ್ಯೂಮಿನಿಯಂಗೆ ಸಿಡುಬೆದ್ದಿತು. ಒಳ್ಳೊಳ್ಳೆಯ ಸ್ಟೀಲಿಗೂ ಕೆಂಪು ಚುಕ್ಕೆ ಬಂತು. ಹೊಳೆ ನೀರು ಸಿಹಿಯಲ್ಲವೇ, ಉಪ್ಪಿನ ಗೊಡವೆ ಯಾಕೆ ಎಂದೆ. "ಉಪ್ಪಲ್ಲಿ ಉಳಿದಿದ್ದು ಸಿಹಿನೀರಲ್ಲಿ ಸತ್ತೋಯ್ತದಾ?" ಎಂದರು. ಅರಕಲಗೂಡಿನಿಂದ ಬಂದ ಬೀಗರ ಎಲೆಗೆ ನಿಂಬೆ ಹೋಳಿನ ಜೊತೆ ಕೊಂಡಿಯೊಂದು ಬಿತ್ತು. ಬೀಗರು ಬೆವೆತರು. ಚಿಕ್ಕಪ್ಪ ಅದನ್ನು ಎತ್ತಿ, ಒರೆಸಿ, ಬೆಳಕಿಗೆ ಹಿಡಿದು, "ಇದು ಪಾಸು" ಎಂದು ಕೈಮುಗಿದರು. ಹಾಲಿನ ಡೇರಿಯ ಯಂತ್ರದಿಂದ ಬಿಚ್ಚಿದ ಸ್ಟೀಲು ಅದು, ಹಾಸನದ ಗುಜರಿಯಲ್ಲಿ ಸಿಕ್ಕಿದ್ದು. ಹೊಸದರಂತೆ ಹೊಳೆಯುತ್ತಿತ್ತು. ನಗಲು ಬಂದಿದ್ದ ನಾನೂ ಬೆರಗಾಗಿ ನೋಡಿದೆ. ದೋಣಿಯ ಕೊಂಡಿಗಳೆಲ್ಲ ಅದರಲ್ಲೇ ಆದವು.

ಉಳಿದದ್ದು ಹಾಯಿ ಏರಿಸುವ ರಾಟೆ. ಚಿಕ್ಕವ್ವ ಅಟ್ಟದಿಂದ ಬಾವಿಯ ರಾಟೆಯೊಂದನ್ನು ತಂದು ಮುಂದಿಟ್ಟಳು. ಊರು ಬಿಡುವ ದಿನ ಆಕೆಯ ಅವ್ವ ಬಾವಿಕಟ್ಟೆಯಿಂದ ಬಿಚ್ಚಿಕೊಂಡು ಬಂದದ್ದು. ಅಯಸ್ಕಾಂತ ಹತ್ತಿರ ಹೋಯಿತು. ಟಕ್!

"ಕಬ್ಬಿಣ ಕಣೆ. ಇದು ದೋಣಿ ಅತ್ಬಾರ್ದು."

"ಅಂಗಾದ್ರೆ ನಾನೂ ಅತ್ತಕಿಲ್ಲ ಬುಡಿ."

ಕೆಟ್ಟಿತು ಕೆಲಸ, ಇನ್ನು ದೋಣಿ ಹಿತ್ತಲಲ್ಲೇ ಎಂದುಕೊಂಡೆ. ಇಬ್ಬರೂ ಜಗ್ಗುವ ಪೈಕಿಯಲ್ಲ.

ಕಾರ್ತೀಕದ ಒಂದು ಬೆಳಗ್ಗೆ ನನಗೂ ಕರೆ ಬಂತು. ಹಿನ್ನೀರಿನ ದಡದಲ್ಲಿ, ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಹತ್ತಿರ ದೋಣಿ ನೀರಿಗಿಳಿದಿತ್ತು. ಕತ್ತೆತ್ತಿ ನೋಡಿದರೆ ಕಂಬದ ತುದಿಯಲ್ಲಿ ಅದೇ ರಾಟೆ! "ರಾಗಿ ಮೂಟೆ ನೇತಾಕಿ ನೋಡಿವ್ನಿ, ತಡೀತದೆ," ಎಂದರು ಚಿಕ್ಕಪ್ಪ, ನನ್ನ ಮುಖ ನೋಡದೆ. ಮನೆಯ ಬಾಗಿಲು ಕಿರ್ ಎಂದರೆ ಸಹಿಸದ ಮನುಷ್ಯ ರಾಟೆಗೆ ಒಂದು ತೊಟ್ಟು ಎಣ್ಣೆ ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ, "ಸುಮ್ಕಿರ್ಲಾ" ಎಂದರು.

ಹುಟ್ಟು ಹಾಕಿಕೊಂಡು ನಡುನೀರಿಗೆ ಹೋದೆವು. ಚಿಕ್ಕವ್ವ ದೋಣಿಯ ಅಂಚು ಬಿಗಿಹಿಡಿದು, ಆಚೆ ದಡದ ಗುಡ್ಡವನ್ನು ನೋಡುತ್ತ ನೋಡುತ್ತ, "ಇಲ್ಲೇ" ಎಂದಳು. ಚಿಕ್ಕಪ್ಪ ಹುಟ್ಟು ನಿಲ್ಲಿಸಿ ಹಾಯಿಯ ಹಗ್ಗವನ್ನು ಆಕೆಯ ಕೈಗೆ ಕೊಟ್ಟರು.

ಆಕೆ ಎಳೆದಳು. ಕಿರ್... ಕಿರ್... ಆ ಸದ್ದು ನೀರಿನ ಮೇಲೆಲ್ಲ ಹರಡಿತು. ಚಿಕ್ಕವ್ವನ ಕೈ ನಿಂತಿತು. ಕೆಳಗಿನ ನೀರನ್ನೇ ನೋಡುತ್ತ, "ನಮ್ಮವ್ವ ನೀರು ಸೇದ್ತಾವ್ಳೆ," ಎಂದಳು. ಕಣ್ಣು ತುಂಬಿತ್ತು. ನನ್ನದೂ.

ಹಾಯಿ ಅರ್ಧಕ್ಕೇ ನಿಂತಿತ್ತು. ಚಿಕ್ಕಪ್ಪ ಮೆಲ್ಲಗೆ ಹೇಳಿದರು:

"ಇನ್ನೊಂದ್ ಕೊಡ ಸೇದೇ."