ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವ ಅಂಗಡಿ ಇಟ್ಟುಕೊಂಡವಳಿಗೆ ನಗುವುದಕ್ಕೆ ದಿನಕ್ಕೊಂದು ಕಾರಣ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಮೊದಲು ನಾನು ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಊರಿನವರಿಗೆ ಇನ್ನೂ ಟೀಚರಮ್ಮನೇ. ತಮ್ಮದೇ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆಸಲು ಬಂದವರನ್ನು ನೋಡಿದ್ದೇನೆ, ವಂಶವೃಕ್ಷದಲ್ಲಿ ಹಸುವಿನ ಹೆಸರನ್ನೂ ಸೇರಿಸಿ ಎಂದವರನ್ನು ನೋಡಿದ್ದೇನೆ. ಆದರೆ ಒಂದೇ ಫೈಲು ವರ್ಷಪೂರ್ತಿ ನನ್ನನ್ನು ನಗಿಸಿ, ನಡುವೆ ಒಂದು ದಿನ ಬಾಯಿ ಮುಚ್ಚಿಸಿದ್ದು ಇದೊಂದೇ. ಆ ಫೈಲಿನ ಹುಡುಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡಿ ಮಿಸ್. ನಗು ಬಂದ್ ಕಡೆ ನಕ್ಕೊಳ್ಳಿ" ಎಂದಳು.

೧. ಆರುನೂರು ಎಲೆ

ಮಗ್ಗದವರ ಮನೆ ಹುಡುಗಿ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಎತ್ತಿದ ಕೈ. ಒಂದು ಕಾಲದಲ್ಲಿ ನನ್ನ ಹತ್ತಿರ ಟೈಪಿಂಗ್ ಕಲಿತವಳು. ಗಂಡ ಹೊಸಕೋಟೆ ಕಡೆಯವನು, ಆಸ್ಟ್ರೇಲಿಯಾದಲ್ಲಿ ಕೆಲಸ. ಮದುವೆಯಾದ ಹದಿನೆಂಟನೇ ದಿನಕ್ಕೆ ವಿಮಾನ ಹತ್ತಿದ್ದ. ಹೆಂಡತಿಯನ್ನು ಕರೆಸಿಕೊಳ್ಳಲು ಅವನು ಅಲ್ಲಿಂದ ಅವಳ ಹೆಸರಿನಲ್ಲಿ ವೀಸಾ ಅರ್ಜಿ ಶುರು ಮಾಡಿದ್ದ, ಇವಳ ಕಡೆಯ ಕಾಗದಗಳನ್ನು ನಾನು ಸೇರಿಸಬೇಕಿತ್ತು.

"ನಿಮ್ಮ ಸಂಬಂಧ ನಿಜವಾದದ್ದು, ಮುಂದುವರಿಯುತ್ತಿದೆ ಎಂಬುದಕ್ಕೆ ಪುರಾವೆ ಕೊಡಿ" ಎಂದು ಅದರಲ್ಲಿತ್ತು. ಹಾಗೇ ಓದಿ ಹೇಳಿದೆ. ಜೊತೆಗೆ ಬಂದಿದ್ದ ತಾಯಿಗೆ ರೇಗಿತು.

"ಇದೇನ್ ಟೀಚರಮ್ಮ, ಮದ್ವೆ ಆಗಿರೋದು ಸುಳ್ಳಾ? ಛತ್ರದಲ್ಲಿ ಆರುನೂರು ಎಲೆ ಎತ್ತಿದೀವಿ!"

ಅವರಿಗೆ ಎಲೆ ಲೆಕ್ಕ ಬೇಡವಮ್ಮ, ಫೋಟೋ ಬೇಕು, ಫೋನಿನಲ್ಲಿ ಮಾತಾಡಿದ ಗುರುತು ಬೇಕು, ಹತ್ತಿರದಿಂದ ಕಂಡವರ ಹೇಳಿಕೆ ಬೇಕು ಎಂದು ಬಿಡಿಸಿ ಹೇಳಿದೆ.

"ಹತ್ರದಿಂದ ಕಂಡೋರಾ? ಹಂಗಾದ್ರೆ ಅಡುಗೆ ಭಟ್ರನ್ನ ಕಳಿಸ್ತೀನಿ. ಅಳಿಯಂದ್ರು ಎಷ್ಟ್ ಹೋಳ್ಗೆ ತಿಂದ್ರು ಅಂತಾನೂ ಹೇಳ್ತಾರೆ."

೨. ಬಾಸಿಂಗ

ಭಟ್ಟರ ಬದಲು ಪಕ್ಕದ ಮನೆಯ ಯಜಮಾನರು ಬಂದರು. ನಾಲ್ಕು ಪವರ್‌ಲೂಮ್ ಓಡಿಸುವವರು, ಮಗ್ಗದ ಸದ್ದಿನಲ್ಲೇ ಬದುಕಿ ಎಲ್ಲರ ಹತ್ತಿರವೂ ಕೂಗಿಯೇ ಮಾತಾಡುತ್ತಾರೆ. ಅವರ ಹೇಳಿಕೆಯನ್ನು ನಾನು ಅಭ್ಯಾಸಬಲದಿಂದ ಟೈಪ್ ಮಾಡಿದೆ: "ಸದರಿ ದಂಪತಿಗಳ ಅನ್ಯೋನ್ಯತೆಯನ್ನು ನಾನು ಕಣ್ಣಾರೆ ಕಂಡಿರುತ್ತೇನೆ."

"ಇರಿ ಇರಿ," ಎಂದು ಪೆನ್ನು ಕೆಳಗಿಟ್ಟರು. "ಹುಡುಗನ್ನ ನಾನ್ ನೋಡಿರೋದೇ ಒಂದ್ ಸಲ, ಧಾರೆ ಟೈಮಲ್ಲಿ. ಅವತ್ತೂ ಬಾಸಿಂಗ ಅಡ್ಡ ಇತ್ತು. ಮೊಕನೇ ಸರಿಯಾಗ್ ಕಾಣ್ಲಿಲ್ಲ. ಅನ್ಯೋನ್ಯತೆ ಎಲ್ಲಿಂದ ಕಾಣ್ಲಿ?"

"ಮತ್ತೇನು ಕಂಡಿರಿ?"

ಅವರು ಟೈಪ್ ಮಾಡಿದ್ದನ್ನು ಇನ್ನೊಮ್ಮೆ ಓದಿದರು. ಸುಳ್ಳಿಗೆ ಸಹಿ ಹಾಕುವ ಮನುಷ್ಯರಲ್ಲ.

"ಬಾಸಿಂಗ ಚೆನ್ನಾಗಿತ್ತು ಅಂತ ಬರೀರಿ. ಅದಕ್ ಬೇಕಾದ್ರೆ ಎರಡ್ ಕಡೆ ಸಹಿ ಹಾಕ್ತೀನಿ."

ಮದುವೆಯಲ್ಲಿ ಹಾಜರಿದ್ದೆ, ವರನ ಅಲಂಕಾರ ಚೆನ್ನಾಗಿತ್ತು ಎಂದು ಬರೆದೆ. ಎರಡು ಕಡೆ ಸಹಿ ಹಾಕಿ ಹೋದರು.

೩. ಬಲಗಡೆ

ಆಮೇಲೆ ವಿಡಿಯೋ ಕಾಲ್‌ಗಳ ಸರದಿ. ಮಾತಾಡಿದಾಗಲೆಲ್ಲ ಫೋನಿನ ಪರದೆಯ ಚಿತ್ರ ತೆಗೆದಿಟ್ಟುಕೋ ಎಂದು ನಾನೇ ಹೇಳಿದ್ದೆ. ಹತ್ತು ತಿಂಗಳ ಚಿತ್ರ ತಂದಳು. ಪ್ರಿಂಟ್ ಹಾಕಿ, ತಾರೀಕಿನ ಪ್ರಕಾರ ಜೋಡಿಸಲು ಅಂಗಡಿಯ ನೆಲದ ಮೇಲೆಲ್ಲ ಹರಡಿದೆವು. ದೊಡ್ಡ ಚೌಕದಲ್ಲಿ ಅವನು, ಮೂಲೆಯ ಚಿಕ್ಕ ಚೌಕದಲ್ಲಿ ಇವಳು. ಒಂದರಲ್ಲಿ ಮಲ್ಲಿಗೆ ಮುಡಿದಿದ್ದಾಳೆ, ಒಂದರಲ್ಲಿ ಹೊಸ ಸೀರೆ, ಒಂದರಲ್ಲಿ ಕೈಗೆ ಹಾಕಿದ ಮೆಹಂದಿ ಎತ್ತಿ ತೋರಿಸುತ್ತಿದ್ದಾಳೆ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಅಲ್ಲಮ್ಮ, ಎಲ್ಲಾ ಫೋಟೋದಲ್ಲೂ ನಿಮ್ಮೆಜಮಾನ್ರು ಬಲಗಡೆನೇ ನೋಡ್ತಿದಾರಲ್ಲ! ಅಲ್ಲೇನ್ ಟೀವಿ ಇದ್ಯಾ?"

ಅವಳು ನೆಲದ ಮೇಲೆ ಕೂತು ಒಂದೊಂದನ್ನೇ ನೋಡುತ್ತಾ ಹೋದಳು. ಮೊದಲಿನದ್ದು, ನಡುವಿನದ್ದು, ಹಿಂದಿನ ವಾರದ್ದು. ಬಿಡಿಬಿಡಿಯಾಗಿ ನೋಡಿದಾಗ ಅವಳಿಗೂ ಗೊತ್ತಾಗಿರಲಿಲ್ಲ. ಒಟ್ಟಿಗೆ ಹರಡಿದ ಮೇಲೆ ಗೊತ್ತಾಯಿತು.

"ಟೀವಿನೇ ಮಿಸ್," ಎಂದಳು ಕೊನೆಗೆ.

ನನಗೆ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಅವತ್ತು ಕಾಗದಗಳನ್ನು ಎತ್ತಿ ಕೈಗೆ ಕೊಟ್ಟು ಕಳಿಸಿದೆ. ಆಮೇಲೆ ಮನೆಯಲ್ಲಿ ಅವಳು ಗಂಡನಿಗೆ ಫೋನ್ ಮಾಡಿ, ಒಂದು ದಿನ ಟೀವಿ ಆರಿಸಿ ಮಾತಾಡೋಣ ಎಂದು ಕೇಳಿಕೊಂಡಳಂತೆ. ಅವನು ತಿರುಗದೆಯೇ ಹೇಳಿದನಂತೆ: "ಸ್ಕ್ರೀನ್‌ಶಾಟ್ ತಗೊಂಡ್ಯಾ? ಆಯ್ತಲ್ಲ, ಇಡ್ತೀನಿ."

೪. ಸಾಕ್ಷಿಯ ಚಿಂತೆ

ಮುಂದಿನ ವಾರ ಒಬ್ಬಳೇ ಬಂದು, ಈ ಚಿತ್ರಗಳನ್ನು ಬಿಟ್ಟು ಉಳಿದ ಕಾಗದಗಳೆಲ್ಲ ಹೋಗಿಯಾಗಿದ್ದ ಆ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳಬೇಕು ಎಂದಳು. ವಿಚ್ಛೇದನದ ಮಾತು ವಕೀಲರ ಹತ್ತಿರ, ಇದೊಂದು ಮಾತ್ರ ನೀವು ಬರೆದುಕೊಡಿ ಎಂದಳು. ಸುದ್ದಿ ಬೀದಿಗೆ ಬೇಗ ಬಿತ್ತು. ವೀಸಾ ಬರಲಿ, ಒಂದು ಸಲ ಹೋಗಿ ನೋಡು, ಆಗದಿದ್ದರೆ ಆಮೇಲೆ ಬಿಡು ಎಂದು ತಾಯಿ ಹಟ ಹಿಡಿದಳು.

"ಅಲ್ ಹೋದ್ಮೇಲೆ ಅವ್ರು ಬಲಗಡೆ ನೋಡ್ಕೊಂಡೇ ಕೂತ್ರೆ, ನಾನ್ ಯಾರ್ ಜೊತೆ ಮಾತಾಡ್ಲಿ ಅಮ್ಮ?" ಎಂದಳಂತೆ ಇವಳು.

ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಮಗ್ಗ ನಿಲ್ಲಿಸಿ ಓಡಿ ಬಂದರು. "ಟೀಚರಮ್ಮ, ನನ್ ಸಾಕ್ಷಿ ಗತಿ ಏನು? ಅಲ್ಲಿಂದ ಪೊಲೀಸ್ನೋರು ಬರ್ತಾರಾ?"

ಅವರ ಹೇಳಿಕೆಯ ನಕಲು ತೆಗೆದು ಓದಿ ಹೇಳಿದೆ. "ಬಾಸಿಂಗ ಚೆನ್ನಾಗಿತ್ತು ಅಂತ ತಾನೇ ಬರ್ಸಿದ್ದು? ಅದು ಈಗ್ಲೂ ನಿಜ, ಹೋಗಿ."

೫. ಆ ಒಂದು ಪದ

ಬರೆಯುವ ದಿನ ತಾಯಿಯೂ ಬಂದಳು. ಬಂದದ್ದು ತಡೆಯಲು. ಅವಳಿಗೂ ಅರ್ಥವಾಗಲಿ ಎಂದು ಮೊದಲು ಕನ್ನಡದಲ್ಲಿ ಬರೆದೆ. ಇಷ್ಟು ವರ್ಷ ನೂರಾರು ಅರ್ಜಿ ಶುರುವಾಗಿರುವುದು ಒಂದೇ ಸಾಲಿನಿಂದ, ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ..."

"ಮಿಸ್," ಎಂದಳು ಹುಡುಗಿ, "ಆ ಪದ ತೆಗೀರಿ."

"ಯಾವ ಪದ?"

"ಸಂಬಂಧಿಸಿದಂತೆ. ಸಂಬಂಧನೇ ಇಲ್ಲ ಅಂತ ಹೇಳೋಕ್ ತಾನೇ ಬರೀತಿರೋದು?"

ಆ ಪದವಿಲ್ಲದೆ ಅರ್ಜಿ ಬರೆಯಲು ನನಗೆ ಬರುತ್ತಿರಲಿಲ್ಲ. ಅಳಿಸಿ, ಎರಡು ಸಲ ಟೈಪ್ ಮಾಡಿ, ಎರಡು ಸಲವೂ ಅದೇ ಬಂದು, ಮತ್ತೆ ಅಳಿಸಿ, ಕೊನೆಗೆ "ನನ್ನ ಅರ್ಜಿಯನ್ನು ನಾನೇ ಹಿಂಪಡೆಯುತ್ತಿದ್ದೇನೆ" ಎಂದಷ್ಟೇ ಹೊಡೆದೆ. ನನ್ನ ಜನ್ಮದಲ್ಲಿ ಬರೆದ ಅತಿ ಚಿಕ್ಕ ಅರ್ಜಿ.

ತಾಯಿ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮಗಳನ್ನು ಕೇಳಿದಳು.

"ಹೊಡದ್ನಾ?"

"ಇಲ್ಲ."

"ಕೆಟ್ಟದಾಗ್ ಬೈದ್ನಾ?"

"ಇಲ್ಲಮ್ಮ. ಬೈಯೋಕಾದ್ರೂ ಈ ಕಡೆ ತಿರುಗ್ಬೇಕಲ್ಲ."

ತಾಯಿ ತನ್ನ ಸೆರಗಿನ ಕುಚ್ಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು, ಅದು ಮಗಳೇ ಕಟ್ಟಿದ ಕುಚ್ಚು. ಕೊನೆಗೆ "ಕಳಿಸ್ಬಿಡಿ ಟೀಚರಮ್ಮ" ಎಂದಳು. ಇಂಗ್ಲಿಷಿಗೆ ತಿರುಗಿಸಿ, ಹುಡುಗಿಯ ಸಹಿ ಹಾಕಿಸಿ, ಅವಳ ಕೈಯಿಂದಲೇ ಗುಂಡಿ ಒತ್ತಿಸಿ ಕಳಿಸಿದೆ.

"ಅವ್ರಿಗೆ ನಾನೇ ಹೇಳ್ಬೇಕು. ಬೇರೆಯೋರಿಂದ ಗೊತ್ತಾಗ್ಬಾರ್ದು," ಎಂದು ಅಲ್ಲೇ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಮಧ್ಯಾಹ್ನ ಮೂರು, ಅಲ್ಲಿ ಸಂಜೆ ಕಳೆದಿತ್ತು. ಅವನು ಕಾಣಿಸಿದ, ಬಲಗಡೆ ನೋಡುತ್ತಾ.

"ವೀಸಾ ಅರ್ಜಿ ವಾಪಸ್ ತಗೊಂಡೆ ರೀ. ಇವತ್ತೇ ಕಳಿಸ್ದೆ."

ಅವನ ತಲೆ ಮೆಲ್ಲಗೆ ತಿರುಗಿತು. ನೇರವಾಗಿ, ಪೂರ್ತಿಯಾಗಿ, ಕಣ್ಣು ಅಗಲ ಮಾಡಿ ಅವಳನ್ನೇ ನೋಡಿದ. ಒಂದು ವರ್ಷದಲ್ಲಿ ಮೊದಲನೇ ಸಲ. ಅವಳು ಫೋನಿನ ಎರಡು ಗುಂಡಿಯನ್ನೂ ಒಟ್ಟಿಗೆ ಒತ್ತಿದಳು. ಟಕ್ ಎಂದಿತು.

"ಸ್ಕ್ರೀನ್‌ಶಾಟ್ ತಗೊಂಡೆ. ಇಡ್ತೀನಿ."

ಅವಳು ಅತ್ತಳು. ತಾಯಿಯೂ ಅತ್ತಳು, ನಾನೂ ಕನ್ನಡಕ ಒರೆಸಿಕೊಂಡೆ. ಆಮೇಲೆ ತಾಯಿ ಮೂಗು ಒರೆಸಿಕೊಂಡು, ಮಗಳ ಕೈಯಿಂದ ಫೋನ್ ತೆಗೆದುಕೊಂಡು, ಆ ಚಿತ್ರವನ್ನು ಹಿಂದೆ ಮುಂದೆ ಹಿಡಿದು ನೋಡಿ ನನ್ನ ಕಡೆ ಚಾಚಿದಳು.

"ಇದೊಂದ್ ಪ್ರಿಂಟ್ ಹಾಕಿ ಟೀಚರಮ್ಮ. ಪಕ್ಕದ್ ಮನೆಯೋರು ಹುಡುಗನ್ ಮೊಕ ಇನ್ನೂ ನೋಡಿಲ್ಲ."