ನನ್ನ ಕಿಡ್ನಿಯೂ ಉಪ್ಪಿಲ್ಲದ ಸಾರೂ

ಉಪ್ಪು ಬಿಟ್ಟ ಮನೇಲಿ ದಿನಕ್ಕೊಂದು ರಗಳೆ ಇದ್ದೇ ಇರ್ತದೆ. ನಂಬಿಕೆ ಇಲ್ದಿದ್ರೆ ಪೆನ್ನಾಗರಂ ಪಕ್ಕ ನಮ್ಮೂರಿಗೆ ಬಂದು ನೋಡಿ. ರಿಟೈರ್ ಆಗೋವರೆಗೂ ಏರ್ಕಾಡ್ ಬೆಟ್ಟದ ರಸ್ತೇಲಿ ಬಸ್ ಓಡಿಸ್ದೋನು ನಾನು. ತಿರುವಲ್ಲಿ ಬ್ರೇಕ್ ಕೈಕೊಟ್ಟಾಗ್ಲೂ ಬೆವರಲಿಲ್ಲ. ಈಗ ಉಪ್ಪಿನ ಡಬ್ಬಿ ಕಂಡ್ರೆ ದೂರ ಓಡ್ತೀನಿ. ಕಿಡ್ನಿ ಸೋತೈತೆ, ಬಾಯಿ ಕಟ್ಟದಿದ್ರೆ ಡಯಾಲಿಸಿಸ್ಸೇ ಗತಿ ಅಂತ ಧರ್ಮಪುರಿ ಆಸ್ಪತ್ರೆ ಡಾಕ್ಟ್ರು ಅಂದ್ಬಿಟ್ರು. ದನಿಯಾ, ಜೀರಿಗೆ, ಮೆಣಸು, ಒಣಗಿಸಿದ ಕರಿಬೇವು ಹುರಿದು ಪುಡಿ ಮಾಡ್ಕೊಳ್ಳಿ, ಉಪ್ಪಿನ ಆಸೆ ತೀರ್ತದೆ ಅಂತ ಅಲ್ಲಿನ ಡಯಟ್ ಮೇಡಂ ಹೇಳಿಕೊಟ್ರು. ಆ ಡಯಾಲಿಸಿಸ್ ಮಿಷಿನ್ ಪಕ್ಕ ಮಲಗಿದ್ದೋರನ್ನ ನಾನು ಕಣ್ಣಾರೆ ನೋಡಿದ್ದೆ. ಅವತ್ತಿಂದ ನಿದ್ದೆ ಇಲ್ಲ.

ಬದಲಿ ಉಪ್ಪು

ಮಗಳು ಸೇಲಂನಿಂದ "ಸೋಡಿಯಂ ಕಮ್ಮಿ" ಅನ್ನೋ ಉಪ್ಪಿನ ಪ್ಯಾಕೆಟ್ ತಂದ್ಲು. ಹೆಂಡ್ತಿ ಕುಣಿದಾಡ್ಕೊಂಡು ಪಲ್ಯಕ್ಕೆ ಹಾಕಿದ್ಲು. ಒಂದು ತುತ್ತು ತಿಂದೋನು ಯಾಕೋ ಅನುಮಾನ ಬಂದು ಮೇಡಂಗೆ ಫೋನ್ ಹಚ್ಚಿದೆ.

"ವೇಂಡಾಂ, ಬೇಡ ಅಯ್ಯಾ! ಅದ್ರಲ್ಲಿ ಪೊಟ್ಯಾಸಿಯಂ ಐತೆ. ನಿಮ್ಮಂಥೋರಿಗೆ ರಕ್ತದಲ್ಲಿ ಅದು ಏರಿದ್ರೆ ಎದೆಬಡಿತಾನೇ ನಿಂತೋಗ್ತದೆ!" ಅಂದ್ರು. ಒಂದು ತುತ್ತಿಗೇನೂ ಆಗಲ್ಲ ಅಂತ ಆಮೇಲೆ ಹೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಎದೆ ಹಿಡ್ಕೊಂಡು ಮಲಗಿಬಿಟ್ಟೆ.

"ಲೇ, ಎದೆ ಡವಡವ ಅಂತೈತೆ ಕಣೇ!"

"ಬಡ್ಕೊಂಡ್ರೆ ಒಳ್ಳೇದೇ ತಾನೆ?" ಅಂದ್ಲು ಹೆಂಡ್ತಿ. "ನಿಂತಾಗ ಕೂಗಿ, ಬತ್ತೀನಿ."

ಭಾವನ ಪುಡಿ

ಹೆಂಡ್ತಿ ಅಣ್ಣ, ಕಿಡ್ನಿಗೆ ಒಳ್ಳೇದು ಅಂತ ಯಾವುದೋ ಕಾಡುಸೊಪ್ಪು ಒಣಗಿಸಿ ಕುಟ್ಟಿದ ಪುಡಿ ತಂದ. ಹೆಸರು ಗೊತ್ತಿಲ್ದ ಪುಡಿ ಮುಟ್ಟಲೇಬೇಡಿ, ಇರೋ ಕಿಡ್ನೀನೂ ಹೋಗ್ತದೆ ಅಂತ ಡಾಕ್ಟ್ರು ಗದರಿದ್ರು. ಬೇಡ ಅಂದ್ರೆ ಭಾವನಿಗೆ ಕೋಪ. ಎತ್ತ ನೋಡಿದ್ರೂ ಭಯ. ಕೊನೆಗೆ, "ಭಾವ, ಮೊದಲು ನೀವೊಂದು ಚಮಚ ತಿನ್ನಿ, ಆಮೇಲೆ ನಾನು" ಅಂದೆ.

ಭಾವ ಹೌಹಾರಿದ. "ಚೆನ್ನಾಗಿರೋ ಕಿಡ್ನೀನ ನಾನ್ಯಾಕಪ್ಪಾ ಕೆಡಿಸ್ಕೊಳ್ಳಲಿ!"

ಬಟ್ಟಲು ಸಾರು

ರಕ್ತದ ರಿಪೋರ್ಟ್ ತರೋಕೆ ಧರ್ಮಪುರಿಗೆ ಹೋಗಿದ್ದೆ. ಡಯಾಲಿಸಿಸ್ ಬೇಕೋ ಬೇಡ್ವೋ ಅಂತ ಅವತ್ತೇ ಗೊತ್ತಾಗೋದು. ಆ ಹೆದರಿಕೇಲಿ ಫೋನು ಮನೇಲೇ ಮರೆತಿದ್ದೆ.

ಪಕ್ಕದ ಮನೆ ಅಜ್ಜಿ ದಿನಾ ನಮ್ಮನೆಯಿಂದ ಒಂದು ಬಟ್ಟಲು ಸಾರು ಇಸ್ಕೊಳ್ತಾಳೆ. ನನ್ನ ಕಾಯಿಲೆ ವಿಷಯ ಊರಿಗೆ ಹೇಳಿರಲಿಲ್ಲ. ಹೆಂಡ್ತಿ ಅಜ್ಜಿಗೆ ಉಪ್ಪು ಹಾಕಿದ್ದನ್ನೇ ಕೊಡ್ತಿದ್ಲು. ಅವತ್ತು ಅವಳು ನೀರಿಗೆ ಹೋಗಿದ್ಲು. ಅಜ್ಜಿ ತಾನೇ ಬಗ್ಗಿಸ್ಕೊಂಡಿದ್ದು ನನ್ನ ಉಪ್ಪಿಲ್ಲದ ಸಾರನ್ನ.

ನಮ್ಮ ಕಡೆ ಉಪ್ಪು ಹಾಕದೆ ಅಡುಗೆ ಮಾಡೋದು ಸತ್ತೋರ ಎಡೆಗೆ ಮಾತ್ರ. ಬೆಳಿಗ್ಗೆ ಆಸ್ಪತ್ರೆಗೆ ಅಂತ ಅಜ್ಜಿಗೆ ಹೇಳಿ ಹೋದೋನು ಬಂದಿಲ್ಲ, ಮನೇಲಿ ಉಪ್ಪಿಲ್ಲದ ಸಾರು. ಅಜ್ಜಿ ಬೀದೀಲಿ ನಿಂತು ನನ್ನ ಹೆಸರು ಹಿಡಿದು ಗೊಳೋ ಅಂದ್ಲು. ಕೊಡ ಹೊತ್ತು ಬಂದ ಹೆಂಡ್ತಿ, ಆಸ್ಪತ್ರೆಯಿಂದ ಸುದ್ದಿ ಬಂದೈತೆ ಅಂದ್ಕೊಂಡು ಅಲ್ಲೇ ಕುಸಿದ್ಲು.

ನಾನು ಬಸ್ ಇಳಿದು ಬಂದ್ರೆ ಮನೆ ಮುಂದೆ ಜನವೋ ಜನ, ಹೆಂಗಸರ ಗೋಳು. ಅಯ್ಯೋ, ನನ್ನ ಹೆಂಡ್ತೀನೇ ಹೋದ್ಲು ಅಂದ್ಕೊಂಡು ಬಾಯಿ ಬಡ್ಕೊಂಡು ನುಗ್ಗಿದೆ.

ನನ್ನ ಕಂಡು ಜನ ದೆವ್ವ ಕಂಡಂಗೆ ಹಿಂದಕ್ಕೆ ಸರಿದ್ರು. ಹೆಂಡ್ತಿ ಎದ್ದು ಬಂದು ನನ್ನ ಅಂಗಿ ಹಿಡ್ಕೊಂಡ್ಲು. "ಏನಂದ್ರು ಡಾಕ್ಟ್ರು?"

"ಕಾಯಿಲೆ ಏರಿಲ್ವಂತೆ ಕಣೇ. ಮಿಷಿನ್ ಬೇಡ್ವಂತೆ."

ಇಬ್ರೂ ಜನರ ಮುಂದೇನೇ ಅತ್ತುಬಿಟ್ವಿ. ಅಜ್ಜಿ ಮಾತ್ರ ಬಟ್ಟಲು ಹಿಡ್ಕೊಂಡು ನನ್ನ ಮೇಲೇ ಎಗರಿದ್ಲು:

"ಯಾರೂ ಸತ್ತಿಲ್ಲಾಂದ್ರೆ ಸಾರಿಗೆ ಉಪ್ಪು ಹಾಕೋಕೆ ನಿಂಗೇನ್ಲಾ ರೋಗ?"